ಮೈಸೂರು ಸಿಲ್ಕ್ ಫ್ಯಾಕ್ಟರಿ ನೋಡೋಕೆ ಹೋಗ್ತೀರಾ? ಮಗ್ಗಕ್ಕಿಂತ ಮುಂಚೆ ಹುರಿ ಮಿಷನ್ ನೋಡಿ

ಮೈಸೂರಿಗೆ ಬಂದೋರು ಅರಮನೆ, ಝೂ, ಚಾಮುಂಡಿ ಬೆಟ್ಟ ಎಲ್ಲ ಮುಗಿಸ್ಕೊಂಡು ಇನ್ನೇನಿದೆ ನೋಡೋಕೆ ಅಂತ ಕೇಳಿದ್ರೆ ನಾನು ಹೇಳೋದು ಮಾನಂದವಾಡಿ ರಸ್ತೇಲಿರೋ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ರೇಷ್ಮೆ ನೇಯ್ಗೆ ಕಾರ್ಖಾನೆ. ಸೀರೆ ತಗೊಳೋಕೆ ಅಲ್ಲ, ಸೀರೆ ಆಗೋದನ್ನ ನೋಡೋಕೆ. ದುಡ್ಡಿಲ್ಲ, ಟಿಕೆಟ್ಟಿಲ್ಲ, ಗೇಟಲ್ಲಿ ಹೆಸರು ಬರೆದು ಒಳಗೆ ಹೋದ್ರೆ ಕೆಲಸ ನಡೀತಿರೋ ಮಿಷನ್ನುಗಳ ಮಧ್ಯದಲ್ಲೇ ನಡ್ಕೊಂಡು ಹೋಗ್ಬೋದು, ನಮ್ಮ ರಾಜ್ಯದಲ್ಲಿ ಇಷ್ಟು ಹತ್ತಿರದಿಂದ ದೊಡ್ಡ ಕಾರ್ಖಾನೆ ನೋಡೋ ಅವಕಾಶ ಸಾಮಾನ್ಯ ಜನಕ್ಕೆ ಸಿಗೋದು ಕಮ್ಮಿ. ಆದ್ರೆ ಹೋಗಿ ಬಂದೋರನ್ನ ಏನು ನೋಡಿದ್ರಿ ಅಂದ್ರೆ "ಮಗ್ಗ ನೋಡಿದ್ವಿ, ಸಿಕ್ಕಾಪಟ್ಟೆ ಸೌಂಡು" ಅಂತಾರೆ ಅಷ್ಟೆ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ, ಯಾಕಂದ್ರೆ ಮೈಸೂರು ಸಿಲ್ಕ್ ಮೈಸೂರು ಸಿಲ್ಕ್ ಆಗೋದು ಮಗ್ಗದಲ್ಲಿ ಅಲ್ಲ, ಮಗ್ಗಕ್ಕಿಂತ ಮುಂಚೆ ಒಂದು ಕಡೆ, ಮಗ್ಗ ಆದ್ಮೇಲೆ ಒಂದು ಕಡೆ. ಆ ಎರಡೂ ಕಡೆ ನಿಂತು ನೋಡಿದ್ರೆ ಮಾತ್ರ ಹೋಗಿದ್ದು ಸಾರ್ಥಕ.

ಫ್ಯಾಕ್ಟರಿ ಟೂರ್ ಅಂತ ಈಗ ತುಂಬಾ ಕಂಪನಿಗಳು ಮಾಡ್ತವೆ. ಬೆಂಗಳೂರು ಸುತ್ತಮುತ್ತ ಒಂದು ತಿಂಡಿ ಫ್ಯಾಕ್ಟರಿಗೆ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ, ಹೆಸರು ಬೇಡ. ಎಸಿ ಕಾರಿಡಾರು, ದಪ್ಪ ಗಾಜು, ಗಾಜಿನಾಚೆ ದೂರದಲ್ಲಿ ಬೆಲ್ಟ್ ಓಡ್ತಿರುತ್ತೆ, ಅದರ ಮೇಲೆ ಪ್ಯಾಕೆಟ್ ಹೋಗ್ತಿರುತ್ತೆ, ಮುಂಚೆ ಒಂದು ವಿಡಿಯೋ, ಕೊನೇಲಿ ಅಂಗಡಿ. ಕ್ಲೀನಾಗಿ ಇಡಬೇಕಾದ ಜಾಗ, ಗಾಜು ಹಾಕಿದ್ದು ಸರಿ, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಹಿಟ್ಟು ಹೆಂಗೆ ಕಲಸ್ತಾರೆ, ಎಷ್ಟು ಹೊತ್ತು ಬೇಯ್ಸ್ತಾರೆ ಅಂತ ನನ್ನ ಮಗಳು ಕೇಳಿದ್ರೆ ಜೊತೆಗಿದ್ದ ಹುಡುಗನಿಗೆ ಗೊತ್ತಿರ್ಲಿಲ್ಲ, ಅವನಿಗೆ ಕಂಪನಿ ಶುರುವಾದ ವರ್ಷ, ಎಷ್ಟು ದೇಶಕ್ಕೆ ಹೋಗುತ್ತೆ, ಇಷ್ಟೇ ಬಾಯಿಪಾಠ. ರೇಷ್ಮೆ ಕಾರ್ಖಾನೇಲಿ ಇದು ಉಲ್ಟಾ. ಕೆಲಸ ಮಾಡೋರೇ ಅಲ್ಲಿ ಇರ್ತಾರೆ, ಮಿಷನ್ ಪಕ್ಕದಲ್ಲೇ ಇರ್ತಾರೆ, ಕೈ ಬಿಡುವಾದಾಗ ಕೇಳಿದ್ರೆ ಹೇಳ್ತಾರೆ, ಇಪ್ಪತ್ತು ಇಪ್ಪತ್ತೈದು ವರ್ಷ ಅದನ್ನೇ ಮಾಡಿದ ಕೈಗಳು ಹೇಳೋ ಉತ್ತರಕ್ಕೂ ಬಾಯಿಪಾಠಕ್ಕೂ ಇರೋ ವ್ಯತ್ಯಾಸ ಮಕ್ಕಳಿಗೂ ಗೊತ್ತಾಗುತ್ತೆ.

ಒಂದು ಎಚ್ಚರಿಕೆ ಮೊದಲೇ ಹೇಳ್ಬಿಡ್ತೀನಿ. ಆಟೋದಲ್ಲಿ, ಟ್ಯಾಕ್ಸೀಲಿ ಹತ್ತಿ ಬರೀ "ಸಿಲ್ಕ್ ಫ್ಯಾಕ್ಟರಿಗೆ ಬಿಡಿ" ಅಂದ್ರೆ ಕೆಲವರು ಕಮಿಷನ್ ಸಿಗೋ ಖಾಸಗಿ ಅಂಗಡಿ ಮುಂದೆ ನಿಲ್ಲಿಸ್ತಾರೆ, ಒಳಗೆ ಒಂದು ಮೂಲೇಲಿ ತೋರಿಸೋಕೆ ಅಂತ ಒಂದು ಕೈಮಗ್ಗ ಇಟ್ಟಿರ್ತಾರೆ, ಅದೇ ಫ್ಯಾಕ್ಟರಿ ಅಂತಾರೆ. ಪ್ರವಾಸಿಗರಷ್ಟೇ ಅಲ್ಲ, ಬೆಂಗಳೂರಿಂದ ಬಂದ ನಮ್ಮ ಜನಾನೇ ಹೀಗೆ ಹೋಗಿ ಬಂದು ಇದೇನಾ ಅಂದಿದ್ದು ಕೇಳಿದೀನಿ. "ಮಾನಂದವಾಡಿ ರೋಡ್, ಸರ್ಕಾರಿ ರೇಷ್ಮೆ ಕಾರ್ಖಾನೆ, ಕೆಎಸ್‌ಐಸಿ" ಅಂತ ಪೂರ್ತಿ ಹೇಳಿ, ಮ್ಯಾಪ್ ಆನ್ ಮಾಡಿಟ್ಕೊಳಿ.

ಇತಿಹಾಸ ಚಿಕ್ಕದಾಗಿ ಹೇಳ್ತೀನಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶುರು ಮಾಡಿಸಿದ್ದು, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ. ಸ್ವಾತಂತ್ರ್ಯ ಬಂದ್ಮೇಲೆ ಸರ್ಕಾರದ ರೇಷ್ಮೆ ಇಲಾಖೆ ನಡೆಸ್ತು, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಬಂತು. ನೂಲು ತೆಗೆಯೋ ಫಿಲೇಚರ್ ತಿ. ನರಸೀಪುರದಲ್ಲಿದೆ, ಚನ್ನಪಟ್ಟಣದಲ್ಲೂ ಒಂದು ನೇಯ್ಗೆ ಘಟಕ ಇದೆ. ಅಂದ್ರೆ ಗೂಡಿಂದ ಸೀರೆವರೆಗೂ ಒಂದೇ ಸಂಸ್ಥೆ ಕೈಯಲ್ಲಿ.

ಬೆಂಗಳೂರಿಂದ ಬರೋರಾದ್ರೆ ದಾರೀಲಿ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡ್ಕೊಂಡೇ ಬನ್ನಿ. ಬೆಳಿಗ್ಗೆ ಬೇಗ ಹೊರಡ್ಬೇಕು, ಜೊತೆಗೆ ಎಕ್ಸ್‌ಪ್ರೆಸ್‌ವೇಲಿ ಸೀದಾ ಹೋದ್ರೆ ರಾಮನಗರ, ಚನ್ನಪಟ್ಟಣ ಎರಡೂ ಬೈಪಾಸಲ್ಲಿ ತಪ್ಪಿಹೋಗುತ್ತೆ, ಹಳೇ ರೋಡಿಗೆ ಇಳಿಬೇಕು. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ಇದಕ್ಕೆ ಹೆಸರು. ಉದ್ದುದ್ದ ಹಾಲಲ್ಲಿ ರೈತರು ತಂದ ಗೂಡನ್ನ ಬಿನ್ನುಗಳಲ್ಲಿ ಹರಡಿರ್ತಾರೆ, ಒಂದೊಂದಕ್ಕೂ ಲಾಟ್ ನಂಬರು. ಹಳದಿ ಗೂಡು ಮಿಶ್ರತಳಿ, ಬಿಳೀದು ಬೈವೋಲ್ಟೀನ್, ಅಂದ್ರೆ ವರ್ಷಕ್ಕೆ ಎರಡು ಪೀಳಿಗೆ ಬರೋ ತಳಿ. ಹರಾಜು ಈಗ ಮೊಬೈಲಲ್ಲಿ ನಡೆಯುತ್ತೆ, ದುಡ್ಡು ರೈತನ ಬ್ಯಾಂಕ್ ಖಾತೆಗೆ ಹೋಗುತ್ತೆ, ಆದ್ರೆ ಗೂಡು ಪರೀಕ್ಷೆ ಮಾಡೋದು ಮಾತ್ರ ಇವತ್ತಿಗೂ ಕೈಯಲ್ಲೇ. ಗೂಡಿಂದ ನೂಲು ತೆಗೆಯೋ ರೀಲರುಗಳು ಬಿನ್ನಿಗೆ ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತುತಾರೆ, ಬೆರಳಲ್ಲಿ ಒತ್ತಿ ನೋಡ್ತಾರೆ, ಒಂದನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ. ಒಳಗಿನ ಕೋಶ (ಚಿಟ್ಟೆ ಆಗೋ ಮುಂಚಿನ ಹುಳು) ಸರಿಯಾಗಿ ಬಲಿತಿದ್ರೆ ಬಡಿಯೋ ಸದ್ದು ಕೇಳುತ್ತೆ, ಹುಳು ಒಳಗೇ ಸತ್ತು ಅಂಟ್ಕೊಂಡಿದ್ರೆ ಸದ್ದು ಬರಲ್ಲ, ಅಂಥ ಗೂಡಲ್ಲಿ ನೂಲು ಕೆಡುತ್ತೆ. ಅಷ್ಟು ಗದ್ದಲದಲ್ಲಿ ಅಷ್ಟು ಸಣ್ಣ ಸದ್ದು ಕೇಳಿಸ್ಕೊಂಡು ರೇಟು ಹಾಕೋದು ನೋಡಿದ್ರೆ ಗೌರವ ಬರುತ್ತೆ. ದಾರಿಗೆ ಅಡ್ಡ ನಿಲ್ಲಬೇಡಿ, ಅಲ್ಲಿ ನಿಂತಿರೋ ರೈತನಿಗೆ ಅದು ತಿಂಗಳ ದುಡಿಮೆ ಬೆಲೆ ಗೊತ್ತಾಗೋ ಹೊತ್ತು.

ಅಲ್ಲೇ ತಿಳ್ಕೊಂಡು ಹೋಗಬೇಕಾದ ಲೆಕ್ಕ ಇದು. ಒಂದು ಗೂಡಿನ ಎಳೆ ತುಂಬಾ ತೆಳ್ಳಗೆ, ಒಂದೇ ಎಳೆ ನೂರಾರು ಮೀಟರ್, ಒಳ್ಳೇ ಬೈವೋಲ್ಟೀನ್ ಗೂಡಾದ್ರೆ ಸಾವಿರ ಮೀಟರ್ ದಾಟುತ್ತೆ. ಬಿಸಿನೀರಲ್ಲಿ ಗೂಡು ಹಾಕಿ ಅಂಟು ಸಡಿಲ ಮಾಡಿ, ಎಂಟು ಹತ್ತು ಗೂಡಿನ ಎಳೆ ಒಟ್ಟಿಗೆ ಎಳೆದ್ರೆ ಒಂದು ಕಚ್ಚಾ ರೇಷ್ಮೆ ನೂಲು. 20/22 ಡೆನಿಯರ್ ಅಂತಾರೆ, ಅಂದ್ರೆ 9000 ಮೀಟರ್ ಉದ್ದದ ನೂಲಿನ ತೂಕ 20ರಿಂದ 22 ಗ್ರಾಂ. ಒಂದು ಕೆಜಿ ನೂಲಿಗೆ ಹೆಚ್ಚುಕಮ್ಮಿ 6ರಿಂದ 8 ಕೆಜಿ ಗೂಡು ಬೇಕು. ಹುಳು ಚಿಟ್ಟೆ ಆಗಿ ಹೊರಗೆ ಬಂದ್ರೆ ಎಳೆ ತುಂಡಾಗುತ್ತೆ, ಅದಕ್ಕೆ ಮುಂಚೇನೇ ಬಿಸಿಗೆ ಹಾಕಿ ಒಳಗಿರೋ ಜೀವ ತೆಗೀತಾರೆ. ಇದನ್ನ ಮಕ್ಕಳಿಂದ ಮುಚ್ಚಿಡಬೇಡಿ. ನನ್ನ ಮಗಳು ಇದು ಕೇಳಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಅವಳೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ಲು. ರೇಷ್ಮೆ ಉಡೋರಿಗೆ ಇದು ಗೊತ್ತಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಮಾನಂದವಾಡಿ ರೋಡಿಗೆ ಬರೋಣ. ಒಳಗೆ ಹೋದ ತಕ್ಷಣ ಮಗ್ಗದ ಸದ್ದು ಕೇಳುತ್ತೆ, ಎಲ್ರೂ ಆ ಕಡೆಗೇ ಓಡ್ತಾರೆ. ಸಾಧ್ಯವಾದ್ರೆ ಬೇರೆ ಕಡೆಯಿಂದ ಶುರು ಮಾಡಿ. ಯಾವ ಸೆಕ್ಷನ್ ತೆರೆದಿರುತ್ತೆ ಅನ್ನೋದು ಅವತ್ತಿನ ಕೆಲಸದ ಮೇಲೆ ಹೋಗುತ್ತೆ, ಗೇಟಲ್ಲೇ "ನೂಲಿನಿಂದ ಶುರು ಮಾಡ್ತೀವಿ ಸಾರ್, ಎಲ್ಲಿಂದ ಹೋಗ್ಲಿ" ಅಂತ ಕೇಳಿ. ಫಿಲೇಚರಿಂದ ಬಂದ ನೂಲು ಲಡಿ (ಸುತ್ತಿ ಕಟ್ಟಿದ ನೂಲಿನ ಕಟ್ಟು) ರೂಪದಲ್ಲಿರುತ್ತೆ, ಅಂಟಿಂದ ಗಡುಸಾಗಿರುತ್ತೆ. ಅದನ್ನ ಮೊದಲು ನೆನೆಸ್ತಾರೆ, ಮೆತ್ತಗಾಗ್ಲಿ ಅಂತ. ಆಮೇಲೆ ವೈಂಡಿಂಗ್, ಲಡಿಯಿಂದ ಬಾಬಿನ್ನಿಗೆ. ಇಲ್ಲಿ ಒಂದು ನಿಮಿಷ ನಿಂತು ಕೈಗಳನ್ನ ನೋಡಿ. ಸಾಲಾಗಿ ಬಾಬಿನ್ನು ತಿರುಗ್ತಿರುತ್ತೆ, ಎಲ್ಲೋ ಒಂದು ಎಳೆ ಕಡಿದುಹೋಗುತ್ತೆ, ನಮ್ಮ ಕಣ್ಣಿಗೆ ಆ ಎಳೆ ಇರೋದೇ ಕಾಣ್ಸಲ್ಲ, ಅಲ್ಲಿರೋ ಅಕ್ಕ ನಾಲ್ಕು ಹೆಜ್ಜೆ ಆಚೆಯಿಂದ ನೋಡಿ ಬಂದು ಬಾಬಿನ್ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ, ಉಳಿದ ಚೂರು ಕಿತ್ತು, ಮತ್ತೆ ಬಿಡ್ತಾರೆ. ಇಷ್ಟಕ್ಕೆ ಬೇಕಾದ ಹೊತ್ತು ಒಂದು ಸಲ ಕಣ್ಣು ಮುಚ್ಚಿ ತೆಗೆಯೋಷ್ಟು. ಗಂಟು ದಪ್ಪ ಆದ್ರೆ ಸೀರೇಲಿ ಕಾಣುತ್ತೆ, ಸಡಿಲ ಆದ್ರೆ ಮಗ್ಗದಲ್ಲಿ ಬಿಚ್ಚುತ್ತೆ, ಅಷ್ಟು ನಾಜೂಕು.

ಇನ್ನು ಟ್ವಿಸ್ಟಿಂಗ್. ಹುರಿ ಮಾಡೋದು. ನನ್ನ ಪ್ರಕಾರ ಇಡೀ ಕಾರ್ಖಾನೆಯ ಜೀವಾಳ ಇದು, ದುಃಖ ಏನಂದ್ರೆ ಜನ ಇದನ್ನ ದಾಟ್ಕೊಂಡು ಹೋಗಿಬಿಡ್ತಾರೆ ಯಾಕಂದ್ರೆ ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಸಾಲುಸಾಲು ಸ್ಪಿಂಡಲ್ ಗುಯ್ ಅಂತ ತಿರುಗ್ತಾ ಇರುತ್ತೆ ಅಷ್ಟೆ. ಆದ್ರೆ ಅಲ್ಲಿ ಆಗ್ತಿರೋದೇನು ಗೊತ್ತಾ? ಕ್ರೇಪ್ ಬಟ್ಟೆಗೆ (ಮೈ ಮೇಲೆ ಸಣ್ಣ ತರಿ ಇರೋ ಬಟ್ಟೆ, ಮೈಸೂರು ಸಿಲ್ಕ್ ಈ ಜಾತೀದೇ) ಬೇಕಾದ ನೂಲಿಗೆ ಒಂದೊಂದು ಮೀಟರಿಗೂ ಸಾವಿರಗಟ್ಟಲೆ ಸುತ್ತು ಹಾಕ್ತಾರೆ, ಸಾಮಾನ್ಯವಾಗಿ 2000ದ ಮೇಲೆ. ಮಾಮೂಲಿ ಬಟ್ಟೆ ನೂಲಿಗೆ ಇಷ್ಟು ಹುರಿ ಯಾರೂ ಹಾಕಲ್ಲ. ಅದರಲ್ಲೂ ಅರ್ಧ ನೂಲಿಗೆ ಬಲಕ್ಕೆ, ಇನ್ನರ್ಧಕ್ಕೆ ಎಡಕ್ಕೆ. ಇದನ್ನ ಎಸ್ ಮತ್ತು ಝಡ್ ಅಂತ ಕರೀತಾರೆ. ಕಣ್ಣಿಗೆ ಎರಡೂ ಒಂದೇ ಥರ ಕಾಣೋದ್ರಿಂದ ಕ್ರೇಪ್ ಕೆಲಸದಲ್ಲಿ ಗುರುತಿಗೆ ಅಂತ ಒಂದಕ್ಕೆ ತಿಳಿ ಬಣ್ಣ ಹಚ್ಚೋ ಪದ್ಧತಿ ಇದೆ, ಆಮೇಲೆ ಕುದಿಸಿದಾಗ ಆ ಬಣ್ಣ ಹೊರಟುಹೋಗುತ್ತೆ. ನೇಯೋವಾಗ ಹೊಕ್ಕಿನಲ್ಲಿ, ಅಂದ್ರೆ ಬಟ್ಟೆಯ ಅಡ್ಡ ಎಳೆಗಳಲ್ಲಿ, ಎರಡು ಎಳೆ ಬಲ ಹುರಿ, ಎರಡು ಎಳೆ ಎಡ ಹುರಿ, ಮತ್ತೆ ಎರಡು ಬಲ, ಹೀಗೇ ಸೀರೆ ಉದ್ದಕ್ಕೂ.

ಯಾಕೆ ಹಿಂಗೆ ಅಂತ ನಾನು ಅಲ್ಲಿದ್ದ ಒಬ್ಬ ಅಕ್ಕನ್ನ ಕೇಳಿದೆ. ಅವರು ಬಾಯಲ್ಲಿ ಹೇಳ್ಲಿಲ್ಲ, ಕೆಳಗೆ ಬಿದ್ದಿದ್ದ ವೇಸ್ಟ್ ನೂಲಲ್ಲಿ ಒಂದು ಗೇಣು ಎತ್ಕೊಂಡು ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆದ್ರು, ಆಮೇಲೆ ಕೈ ಹತ್ರ ತಂದ್ರು. ನೂಲು ತನ್ನಷ್ಟಕ್ಕೆ ತಾನೇ ಸುತ್ಕೊಂಡು ಗಂಟುಗಂಟಾಗಿ ಮುರುಟಿಕೊಂಡ್ತು. "ಹಿಂಗಿದ್ರೆ ಮಗ್ಗಕ್ಕೆ ಹಾಕೋಕೆ ಆಗುತ್ತಾ?" ಅಂದ್ರು. ಇಲ್ಲ ಅಂದೆ. ಆಮೇಲೆ ಸ್ಟೀಮ್ ಕೊಟ್ಟು ಬಂದಿದ್ದ ಇನ್ನೊಂದು ಬಾಬಿನ್ನಿಂದ ಸ್ವಲ್ಪ ಎಳೆದು ತೋರಿಸಿದ್ರು, ಅದು ಸುಮ್ನೆ ನೆಟ್ಟಗೆ ನಿಂತಿತ್ತು. ಅಷ್ಟೇ ಹುರಿ, ಆದ್ರೆ ಹಬೇಲಿ ಇಟ್ಟಿದ್ರಿಂದ ತೆಪ್ಪಗಿದೆ. "ಈಗ ಮಲಗಿದೆ ಅಷ್ಟೆ ಮೇಡಂ, ಕುದಿಯೋ ನೀರಿಗೆ ಬಿದ್ರೆ ಮತ್ತೆ ಎದ್ದೇಳುತ್ತೆ" ಅಂದ್ರು. ಈ ಒಂದು ಮಾತು ತಲೇಲಿ ಇಟ್ಕೊಂಡು ಮುಂದಕ್ಕೆ ಹೋದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಮಗ್ಗದ ಹಾಲು ಎಲ್ರಿಗೂ ಇಷ್ಟ ಆಗುತ್ತೆ, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸದ್ದು ನಿಜವಾಗ್ಲೂ ಜೋರು, ಪಕ್ಕದಲ್ಲಿರೋರ ಮಾತು ಕೇಳಲ್ಲ, ಪುಟ್ಟ ಮಕ್ಕಳಿದ್ರೆ ಕಿವಿಗೆ ಹತ್ತಿ ಇಟ್ಕೊಂಡು ಹೋಗಿ. ಹಾಸು, ಅಂದ್ರೆ ಉದ್ದಕ್ಕೆ ಹೋಗೋ ನೂಲು, ಸಾವಿರಾರು ಎಳೆ, ಒಂದು ಕಡಿದ್ರೂ ಮಗ್ಗ ನಿಲ್ಲಿಸಿ ಸರಿಮಾಡ್ತಾರೆ. ಬಾರ್ಡರ್ ಜರಿ ಹಾಸಿನಲ್ಲೇ ಬರುತ್ತೆ, ಸೆರಗಿನ ಜರಿ ಹೊಕ್ಕಿನಲ್ಲಿ. ಇಲ್ಲಿ ನೋಡಬೇಕಾದ್ದು ಒಂದೇ, ಬಣ್ಣ. ಎಲ್ಲ ಮಗ್ಗದಲ್ಲೂ ಬಟ್ಟೆ ಒಂದೇ ಬಣ್ಣ, ಮಾಸಲು ಕೆನೆ ಬಣ್ಣ, ಅಂಚಲ್ಲಿ ಮಾತ್ರ ಜರಿ ಹೊಳೀತಿರುತ್ತೆ. ಬಂದೋರಿಗೆ ಗಾಬರಿ, "ಎಲ್ಲ ಬಿಳೀ ಸೀರೇನಾ?" ಅಂತ. ಕಾಂಚೀಪುರದ ಕಡೆ ನೂಲಿಗೇ ಬಣ್ಣ ಹಾಕಿ ನೇಯ್ತಾರೆ, ಅದಕ್ಕೇ ಅಲ್ಲಿ ಮೈಯೊಂದು ಬಣ್ಣ ಅಂಚೊಂದು ಬಣ್ಣ ಬರುತ್ತೆ. ಮೈಸೂರಿನ ಮೂಲ ಪದ್ಧತೀಲಿ ನೇಯ್ದ ಮೇಲೆ ಇಡೀ ಸೀರೆಗೆ ಬಣ್ಣ. ಆದ್ರಿಂದಲೇ ನಮ್ಮಮ್ಮಂದಿರ ಕಾಲದ ಮೈಸೂರು ಸಿಲ್ಕ್ ಎಲ್ಲ ಒಂದೇ ಬಣ್ಣ, ಜರಿ ಅಂಚು, ಅಷ್ಟೆ. ಅವಕಾಶ ಸಿಕ್ಕರೆ ಮಗ್ಗದಿಂದ ಇಳಿದ ಬಟ್ಟೆ ಮುಟ್ಟಿ ನೋಡಿ, ಕೇಳ್ಕೊಂಡು. ಗಂಜಿ ಹಾಕಿ ಒಣಗಿಸಿದ ಪಂಚೆ ಥರ ಗರಿಗರಿ, ಹೊಳಪಿಲ್ಲ, ಜೋತು ಬೀಳಲ್ಲ. ಇದು ರೇಷ್ಮೇನಾ ಅಂತ ಅನುಮಾನ ಬರುತ್ತೆ.

ಆ ಅನುಮಾನ ಹೋಗೋದು ಕುದಿಸೋ ಕಡೆ. ಕಚ್ಚಾ ರೇಷ್ಮೇಲಿ ಎರಡು ವಸ್ತು, ಒಳಗಿನ ನಾರು ಫೈಬ್ರೋಯಿನ್, ಅದರ ಮೇಲೆ ಹುಳು ಸುರಿದ ಅಂಟು ಸೆರಿಸಿನ್, ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಈ ಅಂಟೇ ಇರುತ್ತೆ. ನೇಯೋವರೆಗೂ ಅಂಟು ಬೇಕು, ಅದೇ ಎಳೇನ ಕಾಪಾಡೋದು. ನೇಯ್ದಾದ್ಮೇಲೆ ಬೇಡ. ಹಾಗಾಗಿ ಸೋಪು ಹಾಕಿದ ಬಿಸಿ ನೀರಲ್ಲಿ ಬಟ್ಟೇನ ಕುದಿಸ್ತಾರೆ. ಅಂಟು ಕರಗಿ ಹೋಗುತ್ತೆ, ತೂಕ ಇಳಿಯುತ್ತೆ, ಹೊಳಪು ಮೇಲೆ ಬರುತ್ತೆ, ಆಗ ಆ ಅಕ್ಕ ಹೇಳಿದ್ದು ನಡೆಯುತ್ತೆ. ಇಷ್ಟು ದಿನ ಅಂಟಿನ ಹಿಡಿತದಲ್ಲಿ ಮಲಗಿದ್ದ ಹುರಿ ಎದ್ದು ಬಿಚ್ಚಿಕೊಳ್ಳೋಕೆ ನೋಡುತ್ತೆ, ಬಲ ಹುರಿ ಒಂದು ಕಡೆ ಎಳೆಯುತ್ತೆ, ಎಡ ಹುರಿ ಇನ್ನೊಂದು ಕಡೆ, ಎರಡರ ಜಗ್ಗಾಟಕ್ಕೆ ಬಟ್ಟೆ ಒಳಕ್ಕೆ ಮುದುಡಿ ಸಣ್ಣ ಸಣ್ಣ ತರಿ ಏಳುತ್ತೆ. ಅದೇ ಕ್ರೇಪ್. ಬಟ್ಟೆ ಅಗಲ ಕಮ್ಮಿ ಆಗುತ್ತೆ, ಮೈ ಮೇಲೆ ಹಾಕ್ಕೊಂಡ್ರೆ ಜಾರಿ ಬೀಳುತ್ತೆ, ಮಡಿಸಿಟ್ರೂ ಸುಕ್ಕು ಬೇಗ ನಿಲ್ಲಲ್ಲ. ಮೈಸೂರು ಸಿಲ್ಕ್ ಉಟ್ಟೋರು ಯಾರನ್ನಾದ್ರೂ ಕೇಳಿ, ಹಗುರ, ಮೈಗೆ ಹೊಂದ್ಕೊಳುತ್ತೆ, ನೆರಿಗೆ ನಿಲ್ಲುತ್ತೆ ಅಂತಾರೆ, ಇಷ್ಟೂ ಆ ಹುರಿಯಿಂದ ಬಂದಿದ್ದು. ನೇಯ್ಗೆ ಚೆನ್ನಾಗಿದ್ದು ಹುರಿ ಕಮ್ಮಿ ಆಗಿದ್ರೆ ಈ ಗುಣ ಬರಲ್ಲ. ನಾನು ವರ್ಷಗಟ್ಟಲೆ ಉಟ್ಟ ಬಟ್ಟೆ ಯಾಕೆ ಹಾಗಿರುತ್ತೆ ಅಂತ ನನ್ನ ಕಣ್ಣೆದುರಿಗೇ ಗೊತ್ತಾಗಿದ್ದು ನನಗೆ ದೊಡ್ಡ ಸಂತೋಷ.

ಆಮೇಲೆ ಬಣ್ಣ, ಒಣಗಿಸೋದು, ಫಿನಿಶಿಂಗ್. ಬಣ್ಣ ಹಾಕೋ ಕಡೆ ನೆಲ ಒದ್ದೆ, ಚಪ್ಪಲಿ ಜಾರದ ಹಾಗಿರ್ಲಿ.

ಜರಿ ಬಗ್ಗೆ ಒಂದು ಮಾತು. ಕೆಎಸ್‌ಐಸಿ ಜರೀಲಿ 65% ಬೆಳ್ಳಿ, 0.65% ಚಿನ್ನ. ರೇಷ್ಮೆ ನೂಲಿನ ಮೇಲೆ ಬೆಳ್ಳಿ ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ. ಸೀರೆ ಜೊತೆ ಜರೀನೂ ಸೋಪು ನೀರಲ್ಲಿ ಕುದಿಯುತ್ತೆ, ಬಣ್ಣದ ತೊಟ್ಟೀಲಿ ಮುಳುಗುತ್ತೆ, ಇದನ್ನೆಲ್ಲ ತಡ್ಕೊಂಡು ಹೊಳೀಬೇಕು. ಅಮ್ಮನ ಬೀರುವಲ್ಲಿರೋ ಎಷ್ಟೋ ಹಳೇ ಸೀರೆ ರೇಷ್ಮೆ ಸವೆದ್ರೂ ಜರಿ ಹಾಗೇ ಇರೋದು ಇದರಿಂದಲೇ, ಹಳೇ ಜರಿ ಸೀರೆ ಕೊಳ್ಳೋರು ಮನೆ ಮನೆಗೆ ಬರೋದೂ ಇದಕ್ಕೇ. ಮೂರು ನಾಲ್ಕು ಸಾವಿರಕ್ಕೆ ಕೇಳಿದ್ರೆ ಯಾರಿಗೂ ಕೊಡಬೇಡಿ ದಯವಿಟ್ಟು.

ಕಾರ್ಖಾನೆ ಆವರಣದಲ್ಲೇ ಶೋರೂಮ್ ಇದೆ. ಬೆಲೆ ಜಾಸ್ತಿ, ಜರಿ ಜಾಸ್ತಿ ಆದಷ್ಟೂ ಹತ್ತಾರು ಸಾವಿರ ಹೋಗುತ್ತೆ, ಬೆಳ್ಳಿ ಚಿನ್ನದ ದರ ಏರಿದ ಹಾಗೆ ಅದೂ ಏರುತ್ತೆ. ತಗೊಳ್ಳಲೇಬೇಕು ಅಂತ ಯಾರೂ ಹಿಂದೆ ಬೀಳಲ್ಲ, ನೋಡ್ಕೊಂಡು ಸುಮ್ನೆ ಬರಬೋದು, ನಮ್ಮ ಅತ್ತಿಗೆ ಹಾಗೇ ಬಂದ್ರು. ತಗೊಳೋರು ಸೀರೆ ಮೇಲಿರೋ ಗುರುತಿನ ಸಂಖ್ಯೆ, ಹೋಲೋಗ್ರಾಮ್ ನೋಡಿ ತಗೊಳಿ. ಮೈಸೂರು ಸಿಲ್ಕಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಹಾಗಿದ್ರೂ ಮಾರ್ಕೆಟ್ಟಲ್ಲಿ ಪಾಲಿಯೆಸ್ಟರ್ ಕ್ರೇಪಿಗೆ ಇದೇ ಹೆಸರಿಟ್ಟು ಮಾರೋದು ಬಹಳ. ಬೇರೆ ಕಡೆ ರೇಷ್ಮೆ ತಗೊಂಡ್ರೆ ಶುದ್ಧ ರೇಷ್ಮೆ ಅಂತ ಹೇಳೋ ಸಿಲ್ಕ್ ಮಾರ್ಕ್ ಲೇಬಲ್ ಇದೆಯಾ ನೋಡಿ, ಅನುಮಾನ ಬಂದ್ರೆ ಸೆರಗಿನ ತುದಿಯ ಒಂದು ಎಳೆ ಕಿತ್ತು ಸುಟ್ಟು ನೋಡಿ, ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿ ಆಗುತ್ತೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಕಾರ್ಖಾನೆ ನೋಡಿ ಬಂದ್ಮೇಲೆ ಇನ್ನೊಂದು ಪರೀಕ್ಷೆ ಕೈಗೇ ಬಂದ್ಬಿಡುತ್ತೆ, ಬಟ್ಟೇನ ಬೆರಳ ಮಧ್ಯ ಉಜ್ಜಿದ್ರೆ ಆ ತರಿ ತಿಳಿಯುತ್ತೆ.

ಹೋಗೋರಿಗೆ ಕೆಲವು ಮಾತು. ಭಾನುವಾರ ರಜೆ, ಸರ್ಕಾರಿ ರಜೆ ದಿನಾನೂ ಬೇಡ. ಒಳಗೆ ಫೋಟೋ, ವಿಡಿಯೋ ತೆಗೆಯೋ ಹಾಗಿಲ್ಲ, ಇದಕ್ಕೆ ಕೆಲವರು ಸಿಟ್ಟು ಮಾಡ್ಕೊಳ್ತಾರೆ, ನನಗಂತೂ ಅದೇ ಒಳ್ಳೇದಾಯ್ತು ಅನ್ಸುತ್ತೆ, ಫೋನ್ ಜೇಬಲ್ಲಿದ್ರೆ ಕಣ್ಣು ಕೆಲಸ ಮಾಡುತ್ತೆ. ಕಾರ್ಮಿಕರ ಮುಖಕ್ಕೆ ಕ್ಯಾಮೆರಾ ಹಿಡಿಯೋದು ಸರಿಯೂ ಅಲ್ಲ. ದುಪ್ಪಟ್ಟಾ, ಸೆರಗು, ಉದ್ದ ಜಡೆ ಎಲ್ಲ ಬಿಗಿಯಾಗಿ ಕಟ್ಕೊಳಿ, ಮಿಷನ್ನು ತುಂಬಾ ಹತ್ತಿರ ಇರುತ್ತೆ, ಮಕ್ಕಳ ಕೈ ಬಿಡಬೇಡಿ. ಊಟದ ಹೊತ್ತಿಗೆ ಹೋದ್ರೆ ಮಿಷನ್ ನಿಂತಿರುತ್ತೆ, ಬೆಳಿಗ್ಗೆ ಹೋಗಿ. ಇದು ಮ್ಯೂಸಿಯಂ ಅಲ್ಲ, ಜನ ಸಂಬಳಕ್ಕೆ ದುಡೀತಿರೋ ಜಾಗ, ಪ್ರಶ್ನೆ ಕೇಳೋ ಮುಂಚೆ ಅವರ ಕೈ ಬಿಡುವಿದೆಯಾ ನೋಡಿ, ಅಕ್ಕ, ಅಣ್ಣ ಅಂತ ಮಾತಾಡ್ಸಿ. ಕಡಿಮೆ ಅಂದ್ರೂ ಒಂದೂವರೆ ಗಂಟೆ ಇಟ್ಕೊಳಿ, ಹತ್ತು ನಿಮಿಷದಲ್ಲಿ ಸುತ್ತಿ ಬರೋರಿಗೆ ಸೌಂಡ್ ಬಿಟ್ರೆ ಏನೂ ಸಿಗಲ್ಲ.

ವಾಪಸ್ ಬರೋವಾಗ ಚನ್ನಪಟ್ಟಣ. ರೋಡಿನ ಪಕ್ಕದ ಅಂಗಡಿಗಳಲ್ಲಿ ಗೊಂಬೆ ತಗೊಂಡು ಹೊರಡಬೇಡಿ, ಊರೊಳಗೆ ಕಲಾನಗರದ ಕಡೆ ಹೋದ್ರೆ ಮನೆಗಳಲ್ಲೇ ಲೇತ್ (ಮರ ತಿರುಗಿಸಿ ಕಡೆಯೋ ಮಿಷನ್) ಹಾಕ್ಕೊಂಡು ಕೆಲಸ ಮಾಡ್ತಿರ್ತಾರೆ, ಕೇಳಿದ್ರೆ ತೋರಿಸ್ತಾರೆ. ಮರ ಆಲೆ ಮರ, ಬೆಳ್ಳಗೆ, ಹಗುರ, ಚೆನ್ನಾಗಿ ಒಣಗಿಸಿ ಇಟ್ಟಿರ್ತಾರೆ. ಬಣ್ಣ ಬ್ರಷ್ಷಲ್ಲಿ ಹಚ್ಚೋದಲ್ಲ, ಇದನ್ನೇ ನೋಡಬೇಕು. ಅರಗಿಗೆ ಬಣ್ಣ ಕಲಸಿ ಮಾಡಿದ ಕಡ್ಡಿ ಇರುತ್ತೆ, ಜೋರಾಗಿ ತಿರುಗ್ತಿರೋ ಮರಕ್ಕೆ ಅದನ್ನ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ಕೊಳುತ್ತೆ. ಮೊದಲು ಪಟ್ಟೆ ಪಟ್ಟೆಯಾಗಿ ಒರಟಾಗಿ ಕಾಣುತ್ತೆ, ಆಮೇಲೆ ತಾಳೆಗರಿ ಒಂದು ತುಂಡು ಮಡಿಸಿ ಅದರ ಮೇಲೆ ಒತ್ತಿದ್ರೆ ಅರಗು ಸಮನಾಗಿ ಹರಡಿ ಕನ್ನಡಿ ಹೊಳಪು ಬರುತ್ತೆ, ಬೇರೆ ಪಾಲಿಶ್ ಇಲ್ಲ ಏನಿಲ್ಲ. ನನ್ನ ಮಗಳಿಗೆ ಒಂದು ಬುಗುರಿ ಮಾಡಿ ಕೊಟ್ರು, ಮರದ ತುಂಡು ಸಿಕ್ಕಿಸಿದ್ದರಿಂದ ಕೈಗೆ ಕೊಡೋವರೆಗೂ ನಾನು ನೋಡ್ತಾ ನಿಂತಿದ್ದೆ, ದುಡ್ಡು ಕೊಟ್ಟಾದ್ಮೇಲೂ ಹೊರಡೋಕೆ ಮನಸ್ಸು ಬರ್ಲಿಲ್ಲ. ಹಾಗೆ ಮಾಡಿಸ್ಕೊಂಡ್ರೆ ಕೇಳಿದಷ್ಟು ದುಡ್ಡು ಕೊಡಿ, ಚೌಕಾಸಿ ಬೇಡ, ನಿಮಗೋಸ್ಕರ ಅವರು ಕೈಲಿದ್ದ ಆರ್ಡರ್ ಬಿಟ್ಟು ಕೂತಿರ್ತಾರೆ.

ಮೈಸೂರಲ್ಲೇ ಸಮಯ ಉಳಿದ್ರೆ ಅದೇ ಮಾನಂದವಾಡಿ ರಸ್ತೇಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಇದೆ, 1916ರದ್ದು. ಮೊದಲ ಮಹಾಯುದ್ಧದಲ್ಲಿ ಹೊರದೇಶಕ್ಕೆ ಗಂಧದ ಮರ ಹೋಗೋದು ನಿಂತಾಗ ಇಲ್ಲೇ ಎಣ್ಣೆ ತೆಗೆಯೋಣ ಅಂತ ಶುರುವಾಗಿದ್ದು. ಚೇಗು (ಮರದ ಒಳಗಿನ ಗಟ್ಟಿ ಭಾಗ), ಬೇರು ಪುಡಿ ಮಾಡಿ ಹಬೆ ಹಾಯಿಸಿ ಎಣ್ಣೆ ಇಳಿಸ್ತಾರೆ. ಒಳಗೆ ಬಿಡೋದು ಅವತ್ತಿನ ಅನುಮತಿ ಮೇಲೆ, ಅದನ್ನೇ ನಂಬ್ಕೊಂಡು ದೂರದಿಂದ ಬರಬೇಡಿ, ರೇಷ್ಮೆ ಕಾರ್ಖಾನೆಗೆ ಬಂದಾಗ ಹಾಗೇ ಕೇಳಿ ನೋಡಿ.

ಶಾಲೆ ಟೀಚರುಗಳು ಯಾರಾದ್ರೂ ಓದ್ತಿದ್ರೆ ಒಂದು ಕೋರಿಕೆ. ಪ್ರವಾಸ ಅಂದ್ರೆ ವಾಟರ್ ಪಾರ್ಕಿಗೇ ಬಸ್ ಹೋಗುತ್ತೆ, ಒಂದು ವರ್ಷ ರಾಮನಗರ, ಚನ್ನಪಟ್ಟಣ, ಮೈಸೂರು ಈ ಸಾಲಿಗೆ ಬಸ್ ಹಾಕಿ. ಎಂಟನೇ ಕ್ಲಾಸಿನ ಮೇಲಿನ ಮಕ್ಕಳಾದ್ರೆ ಸರಿ, ಅದಕ್ಕಿಂತ ಚಿಕ್ಕವರಿಗೆ ಮಗ್ಗದ ಸದ್ದು ಕಷ್ಟ. ಗುಂಪು ದೊಡ್ಡದಿದ್ರೆ ಮುಂಚೇನೇ ಕಾರ್ಖಾನೆಗೆ ಫೋನ್ ಮಾಡಿ, ಪತ್ರ ಕೊಟ್ಟು ಅನುಮತಿ ತಗೊಳಿ, ಹತ್ತು ಹನ್ನೆರಡು ಜನರ ತಂಡ ಮಾಡಿ ಬೇರೆ ಬೇರೆ ಸೆಕ್ಷನ್ನಿಗೆ ಕಳಿಸಿ. ಹೋಗೋ ಮುಂಚೆ ಕ್ಲಾಸಲ್ಲಿ ಒಂದು ದಾರ ಕೊಟ್ಟು ಬಿಗಿಯಾಗಿ ಹುರಿ ಹಾಕಿಸಿ ಬಿಡಿಸಿ ನೋಡೋಕೆ ಹೇಳಿ, ಅದನ್ನ ಮಾಡಿ ಬಂದ ಹುಡುಗರು ಟ್ವಿಸ್ಟಿಂಗ್ ಸೆಕ್ಷನ್ನಲ್ಲಿ ನಿಂತು ಪ್ರಶ್ನೆ ಕೇಳ್ತಾರೆ.